ಎಳೆದು ಹೊಲಿದ ಕತ್ತು

ಮೊದಲು ನನ್ನ ಕತ್ತು ಹೇಗಿತ್ತು ಎಂಬುದು ನನಗೆ ನೆನಪಿಲ್ಲ. ನೆನಪಿರುವುದು ಅದರ ಒಂದು ಫೋಟೊ ಮಾತ್ರ. ಆಫೀಸಿನ ವಾರ್ಷಿಕ ಊಟದಲ್ಲಿ ಯಾರೋ ಪಕ್ಕದಿಂದ ತೆಗೆದದ್ದು. ಗಲ್ಲದ ಕೆಳಗಿನಿಂದ ಕಾಲರಿನವರೆಗೆ ಎತ್ತಿನ ಗಂಗೆದೊಗಲಿನ ಹಾಗೆ ಚರ್ಮ ಜೋತುಬಿದ್ದಿದೆ. ಕೈಯಲ್ಲಿ ಜಾಮೂನಿನ ಬಟ್ಟಲು, ಬಾಯಿ ತೆರೆದಿದೆ. ಅದನ್ನು ನೋಡಿದ ದಿನ ನನಗಾದದ್ದು ದುಃಖವಲ್ಲ, ಹೇಸಿಗೆ. ಆ ಹೇಸಿಗೆಯನ್ನು ನಂಬುತ್ತೇನೆ. ಮಿಕ್ಕದ್ದರಲ್ಲಿ ಎಷ್ಟನ್ನು ಆಮೇಲೆ ಜೋಡಿಸಿಕೊಂಡೆನೋ ಹೇಳಲಾರೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಂಧೇರಿಯಲ್ಲಿ ಪಂಪು ತಯಾರಿಸುವ ಒಂದು ಕಂಪನಿಯ ಮಾರಾಟ ವಿಭಾಗದಲ್ಲಿದ್ದೆ. ಪಶ್ಚಿಮ ವಲಯಕ್ಕೆ ಹೊಸ ಮ್ಯಾನೇಜರನ್ನು ಆರಿಸುವವರಿದ್ದರು. ಐವತ್ತು ದಾಟಿದ್ದ ನನಗೆ ಅದು ಕೊನೆಯ ಅವಕಾಶ. ತಪ್ಪಿದರೆ ನಿವೃತ್ತಿಯಾಗುವ ತನಕ ನಾನೇ ಕೆಲಸ ಕಲಿಸಿದ ಹುಡುಗರ ಮುಂದೆ ಕೈಕಟ್ಟಿ ನಿಲ್ಲಬೇಕು. ಮಾಲೀಕರ ಮಗ ವಿದೇಶದಲ್ಲಿ ಓದಿ ಬಂದು ಡೈರೆಕ್ಟರ್ ಆಗಿದ್ದ. ಗಿರಾಕಿಯ ಎದುರು ಕೂರುವವನು ಫ್ರೆಶ್ ಆಗಿ ಕಾಣಬೇಕು ಎಂದು ಒಂದು ಮೀಟಿಂಗಿನಲ್ಲಿ ಹೇಳಿದ್ದ. ಹೇಳುವಾಗ ನನ್ನ ಕಡೆ ನೋಡಿದನೆ? ನೋಡಿದ ಎಂದೇ ಬಹಳ ವರ್ಷ ಹೇಳಿಕೊಂಡು ಬಂದೆ. ಈಗ ಖಚಿತವಿಲ್ಲ.

ಕತ್ತಿನಲ್ಲಿ ಗಂಟಿದೆ, ತೆಗೆಸಬೇಕು ಎಂದು ಆಫೀಸಿಗೆ ರಜೆ ಚೀಟಿ ಕೊಟ್ಟು ಒಂದು ಖಾಸಗಿ ನರ್ಸಿಂಗ್ ಹೋಮ್ ಸೇರಿದೆ. ನಿಜ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಕತ್ತಿನ ಚರ್ಮವನ್ನು ಎರಡೂ ಕಿವಿಗಳ ಹಿಂದಕ್ಕೆ ಎಳೆಯುವುದು, ಹೆಚ್ಚಾದದ್ದನ್ನು ಕತ್ತರಿಸುವುದು, ಹೊಲಿಯುವುದು. ಡಾಕ್ಟರು ದಿಂಬಿನ ಗವಸಿನ ಮಾತಾಡುವವರ ಹಾಗೆ ವಿವರಿಸಿದ್ದರು.

ಆಪರೇಷನ್ ಆದ ಸಂಜೆಯೇ ಬಲಗಡೆ ಊದಿಕೊಂಡಿತು. ಹೊಲಿಗೆ ಬಿಚ್ಚಿ, ಬೆರಳು ತೂರಿಸಿ, ಒಳಗೆ ಹೆಪ್ಪುಗಟ್ಟಿದ ರಕ್ತವನ್ನು ಹಿಂಡಿ ತೆಗೆದರು. ನೇರಳೆ ಹಣ್ಣಿನ ತಿರುಳಿನಂಥ ಮುದ್ದೆಗಳು ತಟ್ಟೆಗೆ ಬಿದ್ದವು. ಮನೆಗೆ ಬಂದ ಮೇಲೆ ಅಲ್ಲೇ ಕೀವಾಯಿತು. ದಹಿಸರಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಹಳಸಿದ ಮೊಸರನ್ನದ ವಾಸನೆ. ಹೆಂಡತಿ ಊದುಬತ್ತಿ ಹಚ್ಚಿದರೆ ಇನ್ನೂ ಕೆಟ್ಟದಾಗುತ್ತಿತ್ತು. ಒಣಗಿದ ಬ್ಯಾಂಡೇಜು ಬಿಡಿಸುವಾಗ ಅವಳು ಮೂಗಿನಿಂದ ಉಸಿರಾಡುತ್ತಿರಲಿಲ್ಲ. ಅವಳ ತೆರೆದ ಬಾಯಿಯ ಬಿಸಿ ಉಸಿರು ಎಡಗಿವಿಗೆ ತಾಗುತ್ತಿತ್ತು. ಬಲಗಿವಿಗೆ ಏನೂ ತಾಗುತ್ತಿರಲಿಲ್ಲ. ಅಲ್ಲಿಯ ನರ ಹೋಗಿತ್ತು.

ಬಿಗಿತದ ಬಗ್ಗೆ ಬರೆಯುವುದು ಕಷ್ಟ. ಹೋಲಿಕೆ ಕೊಟ್ಟ ಕೂಡಲೇ ಅದು ಅಂದವಾಗಿಬಿಡುತ್ತದೆ. ಒದ್ದೆ ಟವೆಲನ್ನು ಕತ್ತಿಗೆ ಸುತ್ತಿ ಹಿಂದಿನಿಂದ ಹಿಂಡಿದ ಹಾಗೆ ಎಂದು ಡಾಕ್ಟರಿಗೆ ಹೇಳಿದ್ದೆ. ಹಾಗಿರಲಿಲ್ಲ. ಟವೆಲನ್ನು ತೆಗೆಯಬಹುದು. ತಟ್ಟೆ ನೋಡಲು ಕತ್ತು ಬಗ್ಗುತ್ತಿರಲಿಲ್ಲವಾದ್ದರಿಂದ ಡಬ್ಬಿಯೊಂದನ್ನು ಬೋರಲು ಹಾಕಿ ಅದರ ಮೇಲೆ ತಟ್ಟೆ ಇಟ್ಟು ಉಣ್ಣುತ್ತಿದ್ದೆ. ಗಲ್ಲದ ಕೆಳಗೆ ಹಗ್ಗದಂಥ ಗಟ್ಟಿ ಎಳೆಗಳು ಎದ್ದಿದ್ದವು. ಅನ್ನ ಇಳಿಯುವಾಗ ಅವು ಕುಣಿಯುವುದು ಹೆಂಡತಿಗೆ ಕಾಣುತ್ತಿತ್ತು. ಅವಳು ಬೇರೆ ಹೊತ್ತಿಗೆ ಊಟ ಮಾಡತೊಡಗಿದಳು.

"ಟೈಟ್ ಹೈ ಮತ್‌ಲಬ್ ಅಚ್ಛಾ ಹುವಾ ಹೈ," ಎಂದರು ಡಾಕ್ಟರು. ಬಿಗಿಯಿದ್ದರೆ ಒಳ್ಳೆಯದಂತೆ.

ಒಂದು ಬೆಳಿಗ್ಗೆ ಗಾಯ ಒರೆಸುತ್ತಿದ್ದ ಹೆಂಡತಿ ಕೈ ನಿಲ್ಲಿಸಿದಳು.

"ರೀ, ಕಿವಿ ಹಿಂದೆ ಗಡ್ಡ ಬರ್ತಿದೆ."

"ಏನು?"

"ಮುಟ್ಟಿ ನೋಡ್ಕೊಳಿ. ಕೆನ್ನೆ ಕೆಳಗಿನ ಚರ್ಮ ಇಲ್ಲಿಗೆ ಬಂದಿದೆಯಲ್ಲ. ಕೂದಲಿಗೇನು ಗೊತ್ತು, ಬಿಲ್ಡಿಂಗ್ ಬದಲಾಗಿದೆ ಅಂತ."

ಅಂದಿನಿಂದ ಕಿವಿಯನ್ನು ಮಡಚಿ ಹಿಡಿದು ಅದರ ಹಿಂದೆಯೂ ಕ್ಷೌರ. ಅದನ್ನು ಕನ್ನಡಿ ನೋಡದೆ, ಬೆರಳಿನಿಂದಲೇ ಸವರಿಕೊಂಡು ಮಾಡಲು ಕಲಿತೆ. ಚೆನ್ನಾಗಿ ಕಾಣಲೆಂದು ಕೊಯ್ಯಿಸಿಕೊಂಡವನು ಕನ್ನಡಿಯ ಎದುರು ನಿಲ್ಲಲಾರದವನಾಗಿದ್ದೆ.

ಮತ್ತೆ ಆಫೀಸಿಗೆ ಹೊರಟ ದಿನ ಲೋಕಲ್ ರೈಲಿನಲ್ಲಿ ಬಾಗಲಕೋಟೆ ಕಡೆಯ ಹಳೆಯ ಜೊತೆಗಾರನೊಬ್ಬ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ.

"ಏನ್ರೀ ಸಾಹೇಬ್ರ, ಹಿಂದಿಂದ ಯಾರರ ಕಾಲರ್ ಹಿಡದಾರೇನ್ರಿ? ಹಂಗ ನಿಂತೀರಲ್ಲ."

ಸುತ್ತಲಿನವರು ನಕ್ಕರು. ನಾನೂ ನಗಲು ನೋಡಿದೆ. ಚರ್ಮ ಜಗ್ಗಿತು.

ಸಂದರ್ಶನದ ದಿನ ಒಳಗೆ ಕರೆಯುವ ಮುಂಚೆ ಬಚ್ಚಲಿಗೆ ಹೋಗಿದ್ದೆ. ಮೂತ್ರಕ್ಕೆ ನಿಂತಾಗ ಜನಿವಾರವನ್ನು ಬಲಗಿವಿಗೆ ಸುತ್ತಿಕೊಳ್ಳುವುದು ಉಪನಯನವಾದಾಗಿನಿಂದ ಅಂಟಿದ ಅಭ್ಯಾಸ. ದೇವರು ದಿಂಡರನ್ನು ಎಂದೋ ಬಿಟ್ಟಿದ್ದೆ, ಕೈ ಇದನ್ನು ಬಿಟ್ಟಿರಲಿಲ್ಲ. ಟೈ ಕಟ್ಟಿದ್ದರೂ ಕಾಲರಿನೊಳಗಿಂದ ದಾರ ಎಳೆದು ಕಿವಿಗೇರಿಸುತ್ತಿದ್ದೆ. ಕೆಲಸ ಮುಗಿದ ಮೇಲೆ ಅದನ್ನು ಇಳಿಸಬೇಕೆಂದು ನೆನಪಿಸುತ್ತಿದ್ದದ್ದು ಬುದ್ಧಿಯಲ್ಲ, ಕಿವಿ. ಆ ಕಿವಿ ಸತ್ತಿತ್ತು. ಕನ್ನಡಿಯ ಕಡೆ ನೋಡದೆ ಕೈ ತೊಳೆದು, ದಾರ ಕಿವಿಯ ಮೇಲಿರುವಂತೆಯೇ ಒಳಗೆ ಹೋಗಿ ಕುಳಿತೆ.

ಎದುರಿಗೆ ಇಬ್ಬರು: ಡೈರೆಕ್ಟರ್, ಮತ್ತು ಲೆಕ್ಕಪತ್ರ ವಿಭಾಗದ ಮುಖ್ಯಸ್ಥರಾದ ಮದ್ರಾಸಿನ ಕಡೆಯ ಹಿರಿಯರು. ನಾನು ಗುಜರಾತಿನ ಮಾರುಕಟ್ಟೆಯ ಬಗ್ಗೆ ಮಾತಾಡುತ್ತಿದ್ದರೆ ಹಿರಿಯರು ತಮ್ಮ ಬಲಗಿವಿಯನ್ನು ಮುಟ್ಟಿಕೊಂಡರು. ಮತ್ತೆ ಮುಟ್ಟಿಕೊಂಡು ಹುಬ್ಬೇರಿಸಿದರು. ಅವರೂ ಜನಿವಾರದವರು, ಸನ್ನೆ ಮಾಡಿ ನನ್ನ ಮಾನ ಕಾಯಲು ನೋಡುತ್ತಿದ್ದರು. ನನಗೆ ತಿಳಿದದ್ದು ಒಂದೇ: ಕೀವು ಸೋರುತ್ತಿದೆ. ಕರ್ಚೀಫು ತೆಗೆದು ಕಿವಿಯ ಕೆಳಗೆ ಒತ್ತಿಕೊಂಡೆ.

"ಸಾರಿ ಸರ್, ಆಪರೇಷನ್ನಿನ ಗಾಯ."

ಡೈರೆಕ್ಟರ್ ಪೆನ್ನು ಕೆಳಗಿಟ್ಟ. "ಅಭೀ ತಕ್? ಕ್ಯಾನ್ಸರ್ ತೋ ನಹೀಂ ಹೈ ನಾ?" ಇನ್ನೂ ಮಾಯ್ದಿಲ್ಲವೆ, ಕ್ಯಾನ್ಸರ್ ಅಲ್ಲ ತಾನೆ ಎಂದು.

ಕ್ಯಾನ್ಸರ್ ಇರುವವನಿಗೆ ಒಂದು ವಲಯವನ್ನು ಯಾರು ಒಪ್ಪಿಸುತ್ತಾರೆ? ಆ ಪದ ಕೋಣೆಯಲ್ಲಿ ಉಳಿಯಕೂಡದು. ಹಾಗಾಗಿ ಎಲ್ಲವನ್ನೂ ಹೇಳಿದೆ. ಗಂಟು ಸುಳ್ಳು, ಚರ್ಮ ಎಳೆಸಿಕೊಂಡದ್ದು ನಿಜ, ಈ ಹುದ್ದೆಗಾಗಿಯೇ ಎಳೆಸಿಕೊಂಡದ್ದು. ಹಿರಿಯರು ಫೈಲಿನೊಳಗೆ ಮುಖ ಹಾಕಿದರು.

ಡೈರೆಕ್ಟರ್ ಎದ್ದು ಬಂದ. ಕೇಳದೆಯೇ ನನ್ನ ತಲೆಯನ್ನು ಬೆಳಕಿನ ಕಡೆ ತಿರುಗಿಸಿ, "ಯೇ ಟಾಂಕಾ ನಿಕಾಲಾ ನಹೀಂ?" ಎಂದ. ಹೊಲಿಗೆಯ ದಾರ ಇನ್ನೂ ತೆಗೆದಿಲ್ಲವೆ ಎಂದು. ಅವನು ಜನಿವಾರ ಹಿಡಿದು ಎಳೆದಾಗ ಅಂಗಿಯೊಳಗೆ, ಹೊಟ್ಟೆಯ ಹತ್ತಿರ, ದಾರ ಸರಕ್ಕೆಂದಿತು. ಆಗ ತಿಳಿಯಿತು. ಅವನು ದಾರ ಬಿಟ್ಟು ಕಿವಿ ಮಡಚಿದ. ಅವನ ಬೆರಳು ನನಗೆ ಗೊತ್ತಾಗಲಿಲ್ಲ, ಅವನ ಸೆಂಟಿನ ವಾಸನೆ ಮಾತ್ರ ಗೊತ್ತಾಯಿತು. ಸಂತೆಯಲ್ಲಿ ದನದ ಬಾಯಿ ತೆರೆಸಿ ಹಲ್ಲು ನೋಡುವಷ್ಟು ಹೊತ್ತು ನೋಡಿದ.

"ಇತ್‌ನೀ ಭೂಖ್," ಎಂದ ಹಿರಿಯರ ಕಡೆ ತಿರುಗಿ. ಈ ವಯಸ್ಸಿನಲ್ಲಿ ಇಷ್ಟು ಹಸಿವು. ಅಸಹ್ಯದಿಂದಲ್ಲ, ಮೆಚ್ಚಿ.

ಹುದ್ದೆ ನನಗೆ ಸಿಕ್ಕಿತು. ಅದನ್ನು ಹೇಳಿದಾಗ ಹೆಂಡತಿ ಹತ್ತಿಯ ಪೊಟ್ಟಣ, ಡೆಟಾಲ್ ಎರಡನ್ನೂ ತಂದು ನನ್ನ ಮುಂದಿಟ್ಟಳು.

"ಇನ್ನು ನೀವೇ ಮಾಡ್ಕೊಳಿ. ಮ್ಯಾನೇಜರ್ ಕತ್ತು ನಾನು ಮುಟ್ಟಲ್ಲ."

ತಮಾಷೆಯೆಂದುಕೊಂಡೆ. ಅವಳು ಮತ್ತೆ ಮುಟ್ಟಲಿಲ್ಲ.

ಹೊಸ ಹುದ್ದೆಯಲ್ಲಿ ನನಗೆ ವಹಿಸಿದ ಮೊದಲ ಕೆಲಸ, ಡೈರೆಕ್ಟರನ ತಂದೆಯನ್ನು, ಅಂದರೆ ನಮ್ಮ ಮಾಲೀಕರನ್ನು, ಅದೇ ಡಾಕ್ಟರ ಬಳಿ ಕರೆದೊಯ್ಯುವುದು. ಡಾಕ್ಟರು ನನ್ನ ಗಲ್ಲ ಹಿಡಿದು ಎಡಕ್ಕೆ, ಬಲಕ್ಕೆ ತಿರುಗಿಸಿ ಅವರಿಗೆ ತೋರಿಸಿದರು. ಗಾಯ ಒಣಗಿತ್ತು. ಬಿಗಿತ ಹಾಗೇ ಇತ್ತು. ಮಾಲೀಕರು ಬಗ್ಗಿ ನೋಡಿ, ತಮ್ಮ ಜೋತ ಚರ್ಮವನ್ನು ಚಿವುಟಿಕೊಳ್ಳುತ್ತ ನನ್ನನ್ನೇ ಕೇಳಿದರು:

"ತಕ್‌ಲೀಫ್ ಹೋತೀ ಹೈ ಕ್ಯಾ?" ತೊಂದರೆಯಾಗುತ್ತದೆಯೆ ಎಂದು.

ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ನಿಜ ಹೇಳಿದೆ ಎಂದು ಬರೆಯಬಹುದು, ತಡೆಯುವವರಿಲ್ಲ. ಆದರೆ ಮುಂದಿನ ವಾರವೇ ಅವರು ಮಾಡಿಸಿಕೊಂಡರು, ಮತ್ತು ನಾನು ಆ ಹುದ್ದೆಯಲ್ಲಿ ನಿವೃತ್ತಿಯವರೆಗೆ ಇದ್ದೆ.