ನಾಗಿ ಹೊಗಳಿದ ಸಿನಿಮಾಗಳು

ಹೊನ್ನಾವರದ ಬಂದರಕೇರಿಯ ನಾಗಿ ಯಾವ ಸಿನಿಮಾ ಚಲೋ ಇದೆ ಎನ್ನುತ್ತಾಳೋ ಆ ಸಿನಿಮಾ ವಾರ ತುಂಬುವುದರೊಳಗೆ ಊರು ಬಿಡುತ್ತದೆ ಎಂಬ ಮಾತು ಹುಟ್ಟಿದ್ದಕ್ಕೆ ಬೇರೆ ಯಾರನ್ನೂ ದೂರುವಂತಿಲ್ಲ. ಅದನ್ನು ಮೊದಲು ಹೇಳಿದವಳು ನಾಗಿಯೇ. ಮೀನಿನ ಬುಟ್ಟಿ ಇಳಿಸಿದ ಅಂಗಳದಲ್ಲೆಲ್ಲ ಅವಳು ಇದನ್ನು ಹೇಳುತ್ತಿದ್ದಳು, ಕೇಳಿದವರಿಗಿಂತ ಮೊದಲು ತಾನೇ ನಗುತ್ತಿದ್ದಳು. ನಕ್ಕ ಮೇಲೆ ಆ ವಾರದ ಸಿನಿಮಾವನ್ನು ಹೊಗಳುವುದನ್ನು ಮಾತ್ರ ಬಿಡುತ್ತಿರಲಿಲ್ಲ.

ಅವಳ ಗಂಡ ಶನಿಯಾರ ಬೇರೆಯವರ ದೋಣಿಯಲ್ಲಿ ಬಲೆ ಎಳೆಯುವವನು. ನಸುಕಿನಲ್ಲಿ ಸಮುದ್ರಕ್ಕೆ ಹೋಗುವವನಾದ್ದರಿಂದ ದೀಪ ಹಚ್ಚುವ ಹೊತ್ತಿಗೆ ಉಂಡು ಮಲಗಿಬಿಡುತ್ತಿದ್ದ. ನಾಗಿಯೂ ಅಷ್ಟೇ ಬೇಗ ಎದ್ದು, ದಡಕ್ಕೆ ಬಂದ ಬಂಗಡೆ, ತಾರ್ಲೆಯನ್ನು ಬುಟ್ಟಿ ತುಂಬಿಸಿಕೊಂಡು, ಮೊದಲ ಬಸ್ಸು ಹತ್ತಿ ಹಳದೀಪುರಕ್ಕೆ ಹೋಗಿ, ಮನೆ ಮನೆ ತಿರುಗಿ ಮಾರಿ ಬರುತ್ತಿದ್ದಳು. ಅವಳೂ ಗಂಡನ ಹಾಗೆ ಬೇಗ ಮಲಗಬೇಕಿತ್ತು. ಆದರೆ ದೀಪಾವಳಿ ಕಳೆದು ಗದ್ದೆ ಬಯಲು ಒಣಗಿದ ಮೇಲೆ ಊರಿಗೆ ಟೂರಿಂಗ್ ಟಾಕೀಸಿನ ಟೆಂಟು ಬರುತ್ತಿತ್ತು. ಅದರ ಧ್ವನಿವರ್ಧಕದ ಹಾಡು ಬಂದರಕೇರಿಯವರೆಗೂ ಕೇಳುತ್ತಿತ್ತು. ಹಾಡು ಕೇಳಿಸುತ್ತಿರುವಾಗ ನಿದ್ದೆ ಮಾಡುವುದು ಹೇಗೆ ಎಂಬುದು ನಾಗಿಯ ಪ್ರಶ್ನೆ. ಶನಿಯಾರನ ಗೊರಕೆಯೇ ಅದಕ್ಕೆ ಉತ್ತರವಾಗಿತ್ತು. ಅವಳಿಗೆ ಅದು ಸಾಕಾಗಲಿಲ್ಲ.

ಮೊದಲ ಸಲ ಅವಳು ನೋಡಲು ಹೋದದ್ದು ದೇವರ ಸಿನಿಮಾ. ಸೀಗೆ ಹಚ್ಚಿ ಮಿಂದು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಅಬ್ಬಲಿಗೆ ಮುಡಿದು ಹೋಗಿದ್ದಳು. ಹೆಂಗಸರ ಕಡೆ ಕಾಲಿಡಲು ಜಾಗವಿರಲಿಲ್ಲ. ಹೇಗೋ ತೂರಿ ಕುಳಿತಳು. ದೇವರು ತೆರೆಯ ಮೇಲೆ ಪ್ರತ್ಯಕ್ಷನಾಗುವ ಮೊದಲೇ ಸುತ್ತಲಿನವರಿಗೆ ಬಂಗಡೆಯ ವಾಸನೆ ಪ್ರತ್ಯಕ್ಷವಾಯಿತು. ಒಬ್ಬಳು ಮೂಗಿಗೆ ಸೆರಗು ಹಿಡಿದಳು, ಇನ್ನೊಬ್ಬಳು ಮಗುವನ್ನೆತ್ತಿಕೊಂಡು ಆಚೆ ಸರಿದಳು, ಮೂರನೆಯವಳು ಯಾರ ಹೆಸರನ್ನೂ ಎತ್ತದೆ ಎಲ್ಲರಿಗೂ ಕೇಳುವಂತೆ ಮಾತಾಡಿದಳು. ನಾಗಿ ಎದ್ದು ಹಿಂದಿನ ಬಿದಿರ ತಟ್ಟಿಗೆ ಆತು ನಿಂತಳು. ಅಲ್ಲಿಂದ ಅವಳಿಗೆ ಕಂಡದ್ದು ದೇವರ ಕಿರೀಟದ ತುದಿ ಮಾತ್ರ.

ಮುಂದಿನ ವಾರ ಬಂದ ಸಿನಿಮಾಕ್ಕೆ ಜನವೇ ಇರಲಿಲ್ಲ. ಟಿಕೆಟ್ಟು ಕೊಡುವವನೂ ಟೆಂಟಿನ ಮ್ಯಾನೇಜರನೂ ಆದ ಮಾಬ್ಲ ಅವಳಿಗೆ ಟಿಕೆಟ್ಟು ಹರಿದು ಕೊಡುವಾಗ, ನಿಜವಾಗಿಯೂ ಇದನ್ನೇ ನೋಡುತ್ತೀಯಾ ಎಂದು ಎರಡು ಸಲ ಕೇಳಿದ. ನಾಗಿ ಒಳಗೆ ಹೋಗಿ, ಬೇಕಾದ ಕಡೆ ಕುಳಿತು, ನೆಲಕ್ಕೆ ಹರವಿದ ಮರಳು ಹೊಯ್ಗೆಯನ್ನು ಒಟ್ಟುಮಾಡಿ ಬೆನ್ನಿಗೆ ದಿಂಬಿನ ಹಾಗೆ ಮಾಡಿಕೊಂಡು ಕಾಲು ಚಾಚಿದಳು. ಯಾರೂ ದೂರ ಸರಿಯಲಿಲ್ಲ, ಸರಿಯಲು ಯಾರೂ ಇರಲಿಲ್ಲ. ಆ ಸಿನಿಮಾ ಎಷ್ಟು ಚಲೋ ಇತ್ತೆಂದರೆ ಅವಳು ಮನೆಗೆ ಬಂದು ಮಲಗಿದ್ದ ಶನಿಯಾರನನ್ನು ಎಬ್ಬಿಸಿ ಕತೆ ಹೇಳಿದಳು. ಅಂದಿನಿಂದ ಯಾರೂ ನೋಡದ ಸಿನಿಮಾವೆಂದರೆ ಅವಳಿಗೆ ಪ್ರೀತಿ. ತನ್ನ ರುಚಿಯನ್ನು ತಿದ್ದಿದ್ದು ಮೀನಿನ ಬುಟ್ಟಿ, ತನಗೇನೂ ತಿಳಿವಳಿಕೆ ಹೆಚ್ಚಾದದ್ದಲ್ಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು.

ಅವಳ ಕತೆಗಳಿಗೆ ಒಳ್ಳೆಯ ಕಿವಿ ಸಿಗುತ್ತಿದ್ದುದು ಹಳದೀಪುರದ ಕೃಷ್ಣಾನಂದ ಮಾಸ್ತರರ ಮನೆಯ ಹಿತ್ತಿಲಲ್ಲಿ. ಮಾಸ್ತರರ ಹೆಂಡತಿ ಮೂಕಾಂಬಿಕಾ ಬಾಯಿಗೆ ಮೀನು ಆರಿಸಲು ಎಷ್ಟು ಹೊತ್ತು ಬೇಕೋ ಕತೆ ಕೇಳಲೂ ಅಷ್ಟೇ ಹೊತ್ತು ಬೇಕು. ಹಿತ್ತಿಲ ಮೂಲೆಯ ಬಾವಿಕಟ್ಟೆಯಲ್ಲಿ ಆ ಮನೆಯ ಪಾತ್ರೆ ತಿಕ್ಕುವ ಗಂಗಿ ಇರುತ್ತಿದ್ದಳು. ಅವಳು ಕೇಳುತ್ತಿದ್ದಳೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ; ಮಾತಾಡುವ ಪೈಕಿಯಲ್ಲ ಅವಳು.

ಒಮ್ಮೆ ಬೀದಿದೀಪ ಹಚ್ಚುವವನ ಕತೆಯ ಒಂದು ಹಿಂದಿ ಸಿನಿಮಾ ಬಂತು. ನಾಗಿ ನೋಡಿ ಬಂದು ಮೂಕಾಂಬಿಕಾ ಬಾಯಿಗೆ ಹೀಗೆ ಹೇಳಿದಳು: ಊರಿಗೆ ಕರೆಂಟು ಬಂದು ಅವನ ಕೆಲಸ ಹೋಗುತ್ತದೆ. ಅವನು ಏಣಿಯನ್ನು ಹೆಗಲಿಗೇರಿಸಿ ಸಮುದ್ರದ ದಡಕ್ಕೆ ಹೋಗಿ ಅಲ್ಲೊಂದು ದೀಪ ಹಚ್ಚುತ್ತಾನೆ. ದಾರಿ ತಪ್ಪಿದ ದೋಣಿಗಳೆಲ್ಲ ಆ ಬೆಳಕು ನೋಡಿ ಸಾಲಾಗಿ ಬರುತ್ತವೆ. ಕೊನೆಯ ದೋಣಿಯಿಂದ ಎಂದೋ ಕಳೆದುಹೋದ ಅವನ ತಮ್ಮ ಇಳಿಯುತ್ತಾನೆ. ಇದನ್ನು ಹೇಳುವಾಗ ನಾಗಿಯ ಕಣ್ಣಲ್ಲಿ ನೀರು ಬಂತು, ಮೂಕಾಂಬಿಕಾ ಬಾಯಿಯ ಕಣ್ಣಲ್ಲೂ ಬಂತು. ಸಂಜೆಗೆ ಬಾಯಿ ಮಾಸ್ತರರನ್ನು ಒಪ್ಪಿಸಿ, ಬಸ್ಸು ಹತ್ತಿ ಹೊನ್ನಾವರಕ್ಕೆ ಹೋಗಿ ಆ ಸಿನಿಮಾ ನೋಡಿದರು.

ಮರುದಿನ ಬಾಯಿ ನಾಗಿಗೆ ಬುಟ್ಟಿ ಇಳಿಸುವುದಕ್ಕೂ ಬಿಡಲಿಲ್ಲ.

"ಅದ್ರಲ್ಲಿ ಸಮುದ್ರ ಎಲ್ಲದೆಯೇ ನಾಗಿ?"

"ಅದ್ಯಲ್ರ ಬಾಯೋರೆ, ಮಧ್ಯದಲ್ಲಿ. ದೋಣಿ ಸಾಲಿಗೆ ಬರೂದು."

"ಅದು ಗುಡ್ಡದ ಮೇಲಿನ ಊರು ಮಾರಾಯ್ತಿ. ಸಮುದ್ರ ಹಾಳಾಗ್ಲಿ, ಒಂದು ಬಾವಿ ಸಹಿತ ತೋರಿಸ್ಲಿಲ್ಲ. ತಮ್ಮನೂ ಇಲ್ಲ. ಮಾಸ್ತರ್ರು ದಾರಿ ಉದ್ದಕ್ಕೂ ನಂಗೆ ಬೈದ್ರು."

ನಾಗಿ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡೇ ಯೋಚಿಸಿದಳು. ದೋಣಿಯಿಂದ ಇಳಿದ ತಮ್ಮ ಕನ್ನಡದಲ್ಲಿ ಮಾತಾಡಿದ್ದು ನೆನಪಾಯಿತು. ಹಿಂದಿ ಸಿನಿಮಾದಲ್ಲಿ ಅವನೊಬ್ಬನೇ ಯಾಕೆ ಕನ್ನಡ ಮಾತಾಡಿದ? ಆ ದಡದಲ್ಲಿ ತನ್ನ ಅತ್ತೆಯೂ ನಿಂತಿದ್ದಳಲ್ಲ, ಮೀನಿನ ಬುಟ್ಟಿ ಮರೆತು ಬಂದೆಯಾ ಎಂದು ಬೈದಳಲ್ಲ? ಅತ್ತೆ ಯಾವಾಗ ಸಿನಿಮಾ ಸೇರಿದಳು? ಇಷ್ಟಾದ ಮೇಲೆ ಅವಳಿಗೆ ತಿಳಿಯಿತು. ನಸುಕಿನಲ್ಲಿ ಎದ್ದ ಹೆಂಗಸು, ಖಾಲಿ ಟೆಂಟು, ತಣ್ಣಗಿನ ಹೊಯ್ಗೆ, ಬೆನ್ನಿಗೆ ದಿಂಬು. ಅವಳು ಸಿನಿಮಾದ ಮಧ್ಯಭಾಗವನ್ನೆಲ್ಲ ನಿದ್ದೆಯಲ್ಲಿ ಕಳೆದಿದ್ದಳು. ಅದೊಂದೇ ಅಲ್ಲ, ಹಿಂದೆ ಹೊಗಳಿದ ಸಿನಿಮಾಗಳಲ್ಲೂ ತನಗೆ ತುಂಬ ಹಿಡಿಸಿದ್ದು ಮಧ್ಯಭಾಗವೇ ಎಂಬುದು ನೆನಪಾಗಿ ಅವಳಿಗೆ ಅಲ್ಲೇ ಕುಳಿತುಕೊಳ್ಳಬೇಕೆನಿಸಿತು.

ಮುಚ್ಚಿಡಬಹುದಿತ್ತು. ಆದರೆ ಬೇರೆಯವರು ಹೇಳಿ ನಗುವ ಮೊದಲು ತಾನೇ ಹೇಳುವುದು ಅವಳ ಸ್ವಭಾವ. ಅಂದೇ ಹಳದೀಪುರದ ಮನೆ ಮನೆಗೂ ಹೇಳಿ ಬಂದಳು. ಸಂಜೆಯ ಹೊತ್ತಿಗೆ ಸುದ್ದಿ ಅವಳಿಗಿಂತ ಮೊದಲೇ ಹೊನ್ನಾವರ ಮುಟ್ಟಿತ್ತು. ಮಾಬ್ಲ ಟಿಕೆಟ್ಟಿನ ಕಿಂಡಿಯಿಂದ ತಲೆ ಹೊರಗೆ ಹಾಕಿ, ಚಾಪೆ ತಂದಿದ್ದೀಯೇನೆ ಎಂದು ವಿಚಾರಿಸಿದ. ಆ ಮೇಲೆ ನಾಗಿಯ ಮಾತು ಕೇಳಿ ಸಿನಿಮಾಕ್ಕೆ ಹೋಗುವವರು ಯಾರೂ ಉಳಿಯಲಿಲ್ಲ. ಅವಳೂ ಹೊಗಳುವುದನ್ನು ಕಡಿಮೆ ಮಾಡಿದಳು. ಮೀನು ಮಾರುವಾಗ ಮೀನಿನ ಬಗ್ಗೆಯೇ ಮಾತಾಡಿದಳು. ವ್ಯಾಪಾರ ಬೇಗ ಮುಗಿಯತೊಡಗಿತು, ದಿನ ಮಾತ್ರ ಉದ್ದವಾಯಿತು.

ಹೀಗಿರುವಾಗ, ಅರವತ್ತಮೂರರ ಬೇಸಿಗೆಯ ಮೊದಲಲ್ಲಿರಬೇಕು, ಉತ್ತರದ ಕಡೆಯ ಯಾವುದೋ ಭಾಷೆಯ ಸಿನಿಮಾವೊಂದು ಬಂತು. ಬೇರೆ ಸಿನಿಮಾ ಬೇಕೆಂದರೆ ಇದನ್ನೂ ತೆಗೆದುಕೊಳ್ಳಬೇಕು ಎಂದು ಕಂಪನಿಯವರು ಮಾಬ್ಲನ ಕೊರಳಿಗೆ ಕಟ್ಟಿದ್ದರಂತೆ. ಅದರಲ್ಲಿ ಹಾಡಿರಲಿಲ್ಲ, ಹೊಡೆದಾಟವಿರಲಿಲ್ಲ. ಒಂದು ದೊಡ್ಡ ಮನೆಯಲ್ಲಿ ಮದುವೆ. ಆದರೆ ಮದುವೆಯನ್ನು ತೋರಿಸುವುದೇ ಇಲ್ಲ. ಹಿತ್ತಿಲಲ್ಲಿ ಪಾತ್ರೆ ತಿಕ್ಕುವ ಒಬ್ಬ ಹೆಂಗಸು ಬೆಳಗಿನಿಂದ ಸಂಜೆಯವರೆಗೆ ತಿಕ್ಕುತ್ತಾಳೆ. ವಾದ್ಯ, ನಗು, ಜಗಳ ಎಲ್ಲ ಗೋಡೆಯ ಆಚೆಯಿಂದ ಕೇಳುತ್ತದೆ. ವಾದ್ಯ ಜೋರಾದಾಗ ಅವಳ ಕೈ ಒಂದು ಚೂರು ನಿಲ್ಲುತ್ತದೆ. ಕೊನೆಗೆ ಎಲ್ಲರದೂ ಮುಗಿದ ಮೇಲೆ ಅವಳಿಗೊಂದು ಎಲೆ ಹಾಕುತ್ತಾರೆ. ಲಾಡು ತೀರಿಹೋಗಿರುತ್ತದೆ. ಅವಳು ಅನ್ನ ಉಂಡು ಕೈ ತೊಳೆಯುತ್ತಾಳೆ. ಅಷ್ಟೇ.

ಇದ್ದ ನಾಲ್ಕು ಜನ ಮಧ್ಯದಲ್ಲೇ ಎದ್ದುಹೋದರು. ನಾಗಿ ರೆಪ್ಪೆ ಮುಚ್ಚಲಿಲ್ಲ. ಭಾಷೆ ಒಂದಕ್ಷರ ಗೊತ್ತಿಲ್ಲದಿದ್ದರೂ ಏನೂ ತಪ್ಪಿಹೋಯಿತೆಂದು ಅನ್ನಿಸಲಿಲ್ಲ. ಮನೆಗೆ ಹೋಗುವಾಗ ದಾರಿಯಲ್ಲಿ ಅವಳ ಎದೆ ಭಾರವಾಗಿತ್ತು, ಆದರೆ ಅದು ಕೆಟ್ಟ ಭಾರವಲ್ಲ. ಆಮೇಲೆ ಅನುಮಾನ ಬಂತು: ಇದೂ ನಿದ್ದೆಯದೇ ಆಗಿದ್ದರೆ? ಮರುದಿನ ಮತ್ತೆ ಹೋದಳು. ಕಣ್ಣು ಎಳೆಯದಿರಲೆಂದು ಬಾಯಿತುಂಬ ಎಲೆಯಡಿಕೆಯ ಕವಳ ಹಾಕಿಕೊಂಡು, ಹೊಯ್ಗೆಯ ದಿಂಬು ಮಾಡಿಕೊಳ್ಳದೆ ನೆಟ್ಟಗೆ ಕುಳಿತು ನೋಡಿದಳು. ಎಲ್ಲ ಇತ್ತು. ಹಿತ್ತಿಲು, ಗೋಡೆ, ಎಲೆ, ಎಲ್ಲ ನಿನ್ನೆ ಇದ್ದಲ್ಲೇ ಇತ್ತು. ಅತ್ತೆ ಎಲ್ಲೂ ಕಾಣಲಿಲ್ಲ.

ಇಂಥದ್ದನ್ನು ಇಡೀ ಊರು ನೋಡಬೇಕು ಎಂದು ಅವಳಿಗೆ ಅನ್ನಿಸಿತು. ಆದರೆ ತಾನು ಬಾಯಿ ಬಿಟ್ಟು ಹೊಗಳಿದರೆ ನಾಳೆಯೇ ರೀಲಿನ ಡಬ್ಬಿ ಕಟ್ಟಿ ಕಳಿಸುತ್ತಾರೆ. ಶನಿಯಾರನಿಗೆ ಹೇಳಿದಳು. ಅವನು ಬಲೆ ಹೆಣೆಯುವುದನ್ನು ನಿಲ್ಲಿಸದೆ, ಹಾಗಾದರೆ ಬೈದು ನೋಡು ಎಂದ. ತಮಾಷೆಗೆ ಹೇಳಿದ್ದಿರಬಹುದು, ನಾಗಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮರುದಿನ ಹಳದೀಪುರದ ಮನೆ ಮನೆಯಲ್ಲೂ ಅವಳು ಆ ಸಿನಿಮಾವನ್ನು ಬೈದಳು. ಅದು ನೋಡುವಂಥದ್ದಲ್ಲ, ಮಾನವಂತರ ಮನೆಯವರಂತೂ ಆ ಕಡೆ ತಲೆಹಾಕಲೂಬಾರದು, ಅಂಥದ್ದನ್ನೆಲ್ಲ ತೋರಿಸಲು ಸರಕಾರ ಹೇಗೆ ಬಿಟ್ಟಿತೋ ಎಂದಳು. ಏನು ತೋರಿಸುತ್ತಾರೆ ಎಂದು ಕೇಳಿದವರಿಗೆ, ಬಾಯಿಂದ ಹೇಳಲಾರೆ ಎಂದು ಮುಖ ತಿರುಗಿಸಿದಳು. ಮುಖ ತಿರುಗಿಸುವಾಗ ನಗು ಬಂದದ್ದನ್ನು ಜನ ನಾಚಿಕೆ ಎಂದುಕೊಂಡರು.

ಅಂದು ಸಂಜೆ ಟೆಂಟಿನ ಗಂಡಸರ ಕಡೆ ತುಂಬಿತು. ಹಳದೀಪುರದಿಂದ ಬಂದ ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲವಂತೆ. ಕೃಷ್ಣಾನಂದ ಮಾಸ್ತರರು, ಮಕ್ಕಳು ಹಾಳಾಗುವಂಥದ್ದು ಏನಿದೆ ಎಂದು ಪರೀಕ್ಷೆ ಮಾಡುವುದು ತಮ್ಮ ಜವಾಬ್ದಾರಿ ಎಂದು ಬಂದಿದ್ದರು. ಅವರು ಒಬ್ಬರೇ ಪರೀಕ್ಷೆ ಮಾಡುವುದು ಬೇಡವೆಂದು ಮೂಕಾಂಬಿಕಾ ಬಾಯಿಯೂ ಬಂದಿದ್ದರು. ತಮ್ಮ ಕೂಸನ್ನು ಎತ್ತಿಕೊಳ್ಳಲು ಗಂಗಿಯನ್ನೂ ಕರೆತಂದಿದ್ದರು. ಮಾಬ್ಲ ದಿಕ್ಕುತೋಚದೆ ಕಿಂಡಿಯಲ್ಲಿ ಟಿಕೆಟ್ಟು ಹರಿಯುತ್ತಲೇ ಇದ್ದ. ನಾಗಿ ಹಿಂದಿನ ತಟ್ಟಿಗೆ ಒರಗಿ ನಿಂತು, ತೆರೆ ನೋಡುವುದನ್ನು ಬಿಟ್ಟು ಜನರ ಬೆನ್ನನ್ನು ನೋಡುತ್ತಿದ್ದಳು. ಈಗ ಅವರಿಗೆ ತಿಳಿಯುತ್ತದೆ, ಈಗ ತಿಳಿಯುತ್ತದೆ ಎಂದುಕೊಳ್ಳುತ್ತಿದ್ದಳು.

ಅವರಿಗೆ ತಿಳಿದದ್ದು ಬೇರೆ. ಗಂಡಸರು ಅರ್ಧ ಸಿನಿಮಾದವರೆಗೆ ತಾಳ್ಮೆಯಿಂದ ಕಾದರು. ಆ ಹೆಂಗಸು ಕಡಾಯಿ ಬಿಟ್ಟು ಹಂಡೆಗೆ ಕೈ ಹಾಕಿದಾಗ ಮುಂದಿನಿಂದ ಯಾರೋ ಸಿಳ್ಳೆ ಹಾಕಿದರು. ಮತ್ಯಾರೋ, ನನ್ನ ಮನೆಯ ಪಾತ್ರೆಯೂ ಉಂಟು ತಂದುಕೊಡಲೇ ಎಂದು ಕೂಗಿದರು. ಆಮೇಲೆ ಒಬ್ಬೊಬ್ಬರಾಗಿ ಎದ್ದರು.

ಮಾರನೆಯ ದಿನ ಬೈಗುಳ ತಿನ್ನುವ ತಯಾರಿಯಲ್ಲೇ ನಾಗಿ ಹಳದೀಪುರಕ್ಕೆ ಹೋದಳು. ಯಾರೂ ಬೈಯಲಿಲ್ಲ. ಎಲ್ಲರೂ ಹೊಗಳಿದರು. ಇಷ್ಟು ವರ್ಷದಲ್ಲಿ ನಾಗಿ ಒಂದು ಸಿನಿಮಾದ ಬಗ್ಗೆ ನಿಜ ಹೇಳಿದಳು, ನೋಡುವಂಥದ್ದಲ್ಲ ಎಂದಿದ್ದಳು, ನೋಡುವಂಥದ್ದಾಗಿರಲಿಲ್ಲ ಎಂದರು. ಮಾಸ್ತರರು ಚಾವಡಿಯಿಂದಲೇ, ಈಗ ನಿನಗೆ ಸಿನಿಮಾ ಅರ್ಥವಾಗುತ್ತಿದೆ ನಾಗಿ ಎಂದರು. ತಾನು ಎಚ್ಚರವಿದ್ದು ಪ್ರೀತಿಸಿದ ಒಂದೇ ಒಂದು ಸಿನಿಮಾವನ್ನು ಬೈದು ತಾನು ಮರ್ಯಾದೆಯವಳಾದೆ ಎಂದು ನಾಗಿಗೆ ಹೊಳೆದಾಗ ಅವಳಿಗೆ ಅಳುವೂ ಬಂತು, ನಗುವೂ ಬಂತು. ಹಿತ್ತಿಲಿಗೆ ಹೋಗಿ ಕುಳಿತು, ಮೂಕಾಂಬಿಕಾ ಬಾಯಿ ತಟ್ಟೆ ತರಲು ಒಳಗೆ ಹೋದಾಗ, ಸುಮ್ಮನೆ ಬಂಗಡೆಗಳನ್ನು ಮಗುಚಿ ಹಾಕುತ್ತಿದ್ದಳು.

ಬಾವಿಕಟ್ಟೆಯಿಂದ ಗಂಗಿ ಕೇಳಿದಳು: "ಎಂತಕ್ಕೆ ಬೈದ್ಯೆ ಅದ್ಕೆ? ಚಲೋ ಇತ್ತಲೆ."

ನಾಗಿ ತಿರುಗಿ ನೋಡಿದಳು. ಗಂಗಿ ಬೂದಿ ಮೆತ್ತಿದ ಕೈಯನ್ನು ಪಾತ್ರೆಯ ಮೇಲಿಟ್ಟು ಕುಳಿತಿದ್ದಳು.

"ನೀ ಕಡೀವರೆಗೂ ನೋಡಿದ್ಯ?"

"ಕೂಸು ಮಲಗಿತ್ತು. ನೋಡ್ದೆ. ಆ ಲಾಡು ತೀರಿರ್ಲಿಲ್ಲ ಮಾತ್ರ. ಮೊದ್ಲೇ ಒಂದು ಸೆರಗಿಗೆ ಕಟ್ಕಂಡಿದ್ಳು ಅವ್ಳು, ಮಗಳಿಗೆ."

ಹಾಗೆ ತೋರಿಸಲಿಲ್ಲ ಎಂದಳು ನಾಗಿ. ತಾನು ಎರಡು ಸಲ ನೋಡಿದ್ದೇನೆ, ಮಗಳೇ ಇಲ್ಲ ಎಂದಳು. ಇದ್ದಾಳೆ, ಇಲ್ಲದಿದ್ದರೆ ಅಷ್ಟು ಹೊತ್ತು ಬಾಗಿಲ ಕಡೆ ಯಾಕೆ ನೋಡುತ್ತಿದ್ದಳು ಎಂದಳು ಗಂಗಿ. ಮೂಕಾಂಬಿಕಾ ಬಾಯಿ ತಟ್ಟೆ ಹಿಡಿದು ಹೊರಗೆ ಬಂದಾಗ ಇಬ್ಬರೂ ಜಗಳವಾಡುತ್ತಿದ್ದರು. ಎಂದೂ ಮಾತಾಡದ ಗಂಗಿಯಿಂದ ಅಷ್ಟು ಮಾತು ಬಂದದ್ದನ್ನು ನೋಡಿ ಬಾಯಿ ತಟ್ಟೆ ಹಿಡಿದುಕೊಂಡೇ ನಿಂತರು.

ಆ ಜಗಳ ವರ್ಷಗಟ್ಟಲೆ ನಡೆಯಿತು. ಮಾಬ್ಲ ಮುಂದಿನ ವಾರದ ಸಿನಿಮಾವನ್ನೂ ಸ್ವಲ್ಪ ಬೈದು ಕೊಡು ಎಂದು ನಾಗಿಯ ಬೆನ್ನು ಬಿದ್ದ. ಅವಳು ಒಂದೆರಡು ಸಲ ಪ್ರಯತ್ನಪಟ್ಟಳು. ಆದರೆ ಮನಸ್ಸಿನಲ್ಲಿ ಪ್ರೀತಿ ಇಲ್ಲದೆ ಬೈಗುಳಕ್ಕೆ ಕಸುವು ಬರಲಿಲ್ಲ, ಜನವೂ ಬರಲಿಲ್ಲ. ಟೆಂಟು ಖಾಲಿ ಇರುವ ದಿನ ಮೂಕಾಂಬಿಕಾ ಬಾಯಿಯನ್ನು ಕೇಳಿಕೊಂಡು ಗಂಗಿಯೂ ಸಂಜೆಯ ಬಸ್ಸಿಗೆ ಬರತೊಡಗಿದಳು. ಆ ದಿನ ಅವಳು ನಾಗಿಯ ಮನೆಯಲ್ಲೇ ಮಲಗಿ, ಬೆಳಿಗ್ಗೆ ಮೀನಿನ ಬುಟ್ಟಿಯ ಜೊತೆಗೇ ಹಳದೀಪುರಕ್ಕೆ ಹಿಂತಿರುಗುತ್ತಿದ್ದಳು.

ಪಾತ್ರೆ ತಿಕ್ಕುವವಳ ಸಿನಿಮಾ ಹೊನ್ನಾವರಕ್ಕೆ ಮತ್ತೆ ಬರಲಿಲ್ಲ. ಕೆಲವು ವರ್ಷಗಳ ನಂತರ ಕುಮಟೆಯಲ್ಲಿ ಅದು ನಡೆಯುತ್ತಿದೆ ಎಂದು ಬಸ್ಸಿನ ಕಂಡಕ್ಟರನೊಬ್ಬ ಹೇಳಿದ. ಮದುವೆಮನೆಯ ಚಿತ್ರವಿರುವ ಪೋಸ್ಟರನ್ನು ಅವನು ಕಣ್ಣಾರೆ ನೋಡಿದ್ದನಂತೆ. ಇಬ್ಬರೂ ಕೆಲಸ ಬೇಗ ಮುಗಿಸಿ, ಲಾಡಿನ ವಿಷಯ ಇಂದು ತೀರ್ಮಾನವಾಗಲಿ ಎಂದು ಹಠ ಹಿಡಿದು ಕುಮಟೆಗೆ ಹೋದರು. ಪೋಸ್ಟರಿನಲ್ಲಿ ಮದುವೆ ಇದ್ದದ್ದು ನಿಜ, ಸಿನಿಮಾ ಮಾತ್ರ ಬೇರೆ. ಅದರಲ್ಲಿ ಮೂರು ಮದುವೆಗಳಿದ್ದವು, ಎರಡು ಮುರಿದುಬಿದ್ದವು, ಕತ್ತಿ ಇತ್ತು, ಕುದುರೆ ಇತ್ತು, ಲೆಕ್ಕವಿಲ್ಲದಷ್ಟು ಹಾಡುಗಳಿದ್ದವು. ಬಂದದ್ದು ಬಂದಾಯಿತೆಂದು ಒಳಗೆ ಹೋದರು. ಕಿಕ್ಕಿರಿದ ಜನರ ನಡುವೆ ನಿಂತುಕೊಂಡೇ ನೋಡಿದರು. ಕಳ್ಳ ಸಿಕ್ಕಿಬಿದ್ದಾಗ ನಾಗಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಗಂಗಿ ಅತ್ತು ಸೆರಗು ಒದ್ದೆ ಮಾಡಿಕೊಂಡಳು. ಬಸ್ ಸ್ಟ್ಯಾಂಡಿಗೆ ನಡೆಯುವಾಗ, ಹೀಗೆ ಜನ ಕಿಕ್ಕಿರಿದ ಸಿನಿಮಾಕ್ಕೆ ನಾವು ಖುಷಿಪಟ್ಟದ್ದು ಹಳದೀಪುರದವರಿಗೆ ಗೊತ್ತಾಗುವುದು ಬೇಡ ಎಂದು ಇಬ್ಬರೂ ಮಾತಾಡಿಕೊಂಡರು.