ಕೌದಿಯೊಳಗಿನ ಕೋಳಿ

ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆ ಹೊತ್ತು ಲೆಕ್ಕದ ಕ್ಲಾಸು ನಡೆಸುತ್ತ ಬಂದವಳು ನಾನು. ಮೊದಲಿನಿಂದಲೂ ಮಕ್ಕಳು ಕುಳಿತುಕೊಳ್ಳುತ್ತಿದ್ದದ್ದು ನಮ್ಮ ಅತ್ತೆ ಹಳೆಯ ಬಟ್ಟೆ ಪದರಿಸಿ ಹೊಲಿದ ಕೌದಿಯ ಮೇಲೆ. ಅದರ ನಟ್ಟನಡುವೆ ಒಂದು ಹಳದಿ ಕೋಳಿ, ಕೋಳಿಯ ಹೊಟ್ಟೆಗೆ ಚೌಕನೆಯ ಕೆಂಪು ತೇಪೆ. ಕೌದಿ ಹಸಿದಿರಬಾರದು ಎಂಬುದು ನಮ್ಮ ಮನೆಯ ರೂಢಿ. ಆ ತೇಪೆಯೊಳಗೆ ಅತ್ತೆ ಒಂದು ಚಿಟಿಕೆ ಜೋಳ ಇಟ್ಟು ಹೊಲಿದಿದ್ದರು. ಮಗ್ಗಿ ತಪ್ಪದೆ ಹೇಳಿದವರಿಗೆ ಕೋಳಿಯ ಪಕ್ಕದ ಜಾಗ ಎಂದು ಮಕ್ಕಳೇ ಕಟ್ಟಳೆ ಮಾಡಿಕೊಂಡರು. ಓಣಿಯಲ್ಲಿ ನಮ್ಮದು ಕೋಳಿ ಕ್ಲಾಸು ಎಂದೇ ಆಯಿತು.

ಹೋದ ವರ್ಷ ಮೈದುನನ ಮಗಳು ತಾನು ಚಿಕ್ಕವಳಿದ್ದಾಗ ಕಂಡ ಆ ಕೋಳಿಯನ್ನು ಕಂಪ್ಯೂಟರಿನಲ್ಲಿ ಓಡಾಡಿಸಿದಳು. ಮೊಬೈಲಿನ ಜಾಹೀರಾತಿನಲ್ಲಿ ಅದು ಜೋಳದ ಕಾಳು ಕುಕ್ಕುತ್ತ ಎರಡರ ಮಗ್ಗಿ ಹೇಳುತ್ತಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿಯ ತಾಯಂದಿರು ಫೋನ್ ಮಾಡಿ, ನಮ್ಮ ಮಕ್ಕಳಿಗೂ ಮೊಬೈಲಿನಲ್ಲೇ ಕಲಿಸುತ್ತೀರಾ ಎಂದು ಕೇಳತೊಡಗಿದರು. ಹಾಗೆ ಆನ್‌ಲೈನ್ ಕ್ಲಾಸೂ ಶುರುವಾಯಿತು.

ಅಷ್ಟರಲ್ಲಿ ದೊಡ್ಡ ಊರಿನ ಕೋರ್ಸ್ ಕಂಪನಿಯೊಂದರ ವಕೀಲರಿಂದ ನೋಟಿಸು ಬಂತು. ಅವರ ಜಾಹೀರಾತಿನಲ್ಲೂ ಕೆಂಪು ಹೊಟ್ಟೆಯ ಹಳದಿ ಕೋಳಿ. ಅದನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿದ್ದಾರಂತೆ. ನಾನು ಅದನ್ನು ಕದ್ದಿದ್ದೇನಂತೆ, ಕೂಡಲೇ ತೆಗೆಯಬೇಕಂತೆ. ಯಜಮಾನರು ಓದಿ, ಬಾತುಕೋಳಿ ಮಾಡಿಬಿಡೋಣ ಅಂದರು. ಅಂದು ಅವರಿಗೆ ಎರಡನೇ ಕಪ್ ಚಹಾ ಸಿಗಲಿಲ್ಲ.

ಗದಗಿನ ವಕೀಲರೊಬ್ಬರನ್ನು ಕಂಡೆ. ಕಂಪನಿಗಿಂತ ಮೊದಲಿನಿಂದ ನಾವು ಬಳಸುತ್ತಿದ್ದೇವೆ ಎಂದು ತೋರಿಸಿದರೆ ಅವರ ನೋಂದಣಿ ನಮ್ಮನ್ನು ತಡೆಯಲಾರದು ಎಂದು ಅವರು ಬಿಡಿಸಿ ಹೇಳಿದರು. ಮುಂಡರಗಿಗೆ ಮದುವೆಯಾಗಿ ಹೋದ ನನ್ನ ಹಳೆಯ ವಿದ್ಯಾರ್ಥಿನಿಯ ಹತ್ತಿರ ಒಂದು ಫೋಟೊ ಇತ್ತು. ಎರಡು ಜಡೆ ಹಾಕಿಕೊಂಡು ಕೋಳಿಯ ಪಕ್ಕ ಕುಳಿತಿದ್ದಾಳೆ, ಮೂಲೆಯಲ್ಲಿ ಕಂಪನಿ ಹುಟ್ಟುವುದಕ್ಕೂ ಮೊದಲಿನ ತಾರೀಖು. ಈಗ ಅವಳ ಮಗಳೇ ನನ್ನ ಕಡೆ ಮಗ್ಗಿ ಕಲಿಯುತ್ತಾಳೆ.

"ಛಲೋ ಆತ್ರಿ ಅಕ್ಕಾರ," ಅಂದರು ವಕೀಲರು. "ಆ ಕೌದಿನೂ ಬೇಕ್ರಿ. ಎಲ್ಲೈತಿ?"

ಕೌದಿ ಇತ್ತು, ಕೋಳಿ ಕಾಣುತ್ತಿರಲಿಲ್ಲ. ನಮ್ಮಲ್ಲಿ ಕೌದಿ ಸವೆದರೆ ಎಸೆಯುವುದಿಲ್ಲ. ಮೇಲೊಂದು ಹಳೆಯ ಸೀರೆ ಹಾಸಿ ಮತ್ತೆ ಹೊಲಿಯುತ್ತೇವೆ. ಕೆಲವು ವರ್ಷಗಳ ಹಿಂದೆ ಅತ್ತೆ ಹಾಗೆ ಕೋಳಿಯ ಮೇಲೆ ಸೀರೆ ಹೊದಿಸಿದ್ದರು. ಈಗ ಅವರ ಕೈ ನಡುಗುತ್ತದೆ. ಅದೇ ಅವರ ಕೊನೆಯ ಹೊಲಿಗೆ, ಬಿಚ್ಚಿದರೆ ಮತ್ತೆ ಬರುವಂಥದ್ದಲ್ಲ.

ಹೇಗೆ ಕೇಳಲಿ ಎಂದು ರೊಟ್ಟಿ ಬಡಿಯುತ್ತ ಯೋಚಿಸುತ್ತಿದ್ದೆ. ಮೈದುನನ ಮಗಳು ಮೊದಲೇ ಹೇಳಿಬಿಟ್ಟಿದ್ದಳು. ಅತ್ತೆ ಕತ್ತರಿ ತಂದು ನನ್ನ ಪಕ್ಕದಲ್ಲಿಟ್ಟರು.

"ನಮ್ಮ ಕೋಳಿ ಹೊಟ್ಟಿ ಮ್ಯಾಲ ಅವ್ರ ಕಣ್ಣ ಯಾಕ? ಅವ್ರ ಮನ್ಯಾಗ ಜ್ವಾಳ ಇಲ್ಲೇನು?" ಅಂದರು. "ಬಿಚ್ಚವಾ. ಜ್ವಾಕಿ, ಹೊಟ್ಟಿ ಹರದೀ."

ಒಂದು ಮಗ್ಗುಲಿನಿಂದ ಎಳೆ ಎಳೆಯಾಗಿ ಬಿಚ್ಚಿದೆ. ಕಡಿದ ದಾರವನ್ನೆಲ್ಲ ಅತ್ತೆ ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತರು. ಸೀರೆ ಸರಿಸಿದಾಗ ಕೋಳಿ ಇದ್ದಲ್ಲೇ ಇತ್ತು. ಹಳದಿ ಮಾಸಿತ್ತು, ಹೊಟ್ಟೆ ಮಾತ್ರ ಕೆಂಪಗೆ. ಒತ್ತಿ ನೋಡಿದರೆ ಒಳಗೆ ಜೋಳ ಹುಡಿಯಾಗಿ ಬೆರಳಿಗೆ ಸಿಕ್ಕಿತು.

ನಮ್ಮ ಉತ್ತರ ಹೋದ ಮೇಲೆ ಕಂಪನಿಯ ವಕೀಲರು ನಮ್ಮ ವಕೀಲರಿಗೆ ಫೋನ್ ಮಾಡಿದರಂತೆ. ಕೋಳಿ ಇರಲಿ, ಕೆಂಪು ಹೊಟ್ಟೆಯನ್ನಷ್ಟೇ ತೆಗೆದರೆ ಸುಮ್ಮನಾಗುತ್ತೇವೆ ಎಂದು. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಎಳೆಯುತ್ತದೆ, ವಿಚಾರ ಮಾಡಿ ಎಂದು ನಮ್ಮ ವಕೀಲರೂ ಅಂದರು. ಯಜಮಾನರ ಮುಖ ನೋಡಿದೆ. ಈ ಸಲ ಅವರು ಬಾತುಕೋಳಿಯ ಸುದ್ದಿ ತೆಗೆಯಲಿಲ್ಲ.

"ಹೊಟ್ಟಿ ಇಲ್ಲದ ಕೋಳಿ ಅವ್ರ ಇಟ್ಕೊಳ್ಳಲಿ ಸಾಹೇಬ್ರ," ಅಂದೆ. "ನಮ್ದು ಉಂಡ ಕೋಳಿ ಐತಿ. ಎಷ್ಟ ವರ್ಷ ಬೇಕಾದ್ರೂ ಎಳೀಲಿ, ಅದು ಕುಂಡ್ರತೈತಿ."

ಆ ಕಡೆಯಿಂದ ಇನ್ನೂ ಉತ್ತರವಿಲ್ಲ. ಕೌದಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿರಿ ಎಂದು ವಕೀಲರು ಹೇಳಿದ್ದರು. ನಾನು ಅದನ್ನು ಪಡಸಾಲೆಯ ಗೋಡೆಗೆ, ಬಾಗಿಲು ತೆಗೆದರೆ ಓಣಿಗೆಲ್ಲ ಕಾಣುವಂತೆ, ತೂಗುಬಿಟ್ಟಿದ್ದೇನೆ. ಮೊಬೈಲಿನ ಕೋಳಿ ಈಗ ಮೂರರ ಮಗ್ಗಿಗೆ ಬಂದಿದೆ.