ಏಣಿಗೆಂದೇ ಹುಟ್ಟಿದ ಕಾಲು

ನನ್ನ ಸೋದರಮಾವ ಗೋಡೆಗಳಿಗೆ ಬಣ್ಣ ಬಳಿಯುವವನು. ಬೇರೆ ಪೇಂಟರುಗಳು ಏಣಿಯ ಮೇಲೆ ಸ್ವಲ್ಪ ಹೊತ್ತಿಗೇ ಕಾಲು ಸೋತು ಇಳಿದರೆ, ಇವನು ಬರಿಗಾಲಲ್ಲಿ ನಿಂತು ಊಟದ ಹೊತ್ತಿನವರೆಗೂ ಬ್ರಷ್ ಆಡಿಸುತ್ತಿದ್ದ. ಅವನ ಅಂಗಾಲಿನ ನಡುವೆ ಕಮಾನಿನಂತೆ ಎದ್ದ ಗುಳಿ. ಏಣಿಯ ಅಡ್ಡಮರ ಅದರೊಳಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತಿತ್ತು. “ದೇವರು ನನ್ನ ಕಾಲು ಮಾಡೋವಾಗ ಪಕ್ಕದಲ್ಲೊಂದು ಏಣಿ ಇಟ್ಕೊಂಡಿದ್ದ” ಎನ್ನುತ್ತಿದ್ದ. ಸ್ನಾನ ಮಾಡಿ ಒದ್ದೆ ಕಾಲಲ್ಲಿ ಬಂದರೆ ನೆಲದ ಮೇಲೆ ಮುಂಗಾಲಿನದೊಂದು ಗುರುತು, ಹಿಮ್ಮಡಿಯದೊಂದು ಗುರುತು, ನಡುವೆ ಖಾಲಿ. ಅತ್ತೆ ಒರೆಸುವ ಬಟ್ಟೆ ಹಿಡಿದು, “ಒಬ್ರು ನಡೆದ್ರೆ ಇಬ್ರು ನಡೆದ ಹಾಗಿರುತ್ತೆ” ಎಂದು ಗೊಣಗುತ್ತಿದ್ದಳು.

ಸಂಜೆಯ ಕಥೆ ಬೇರೆ. ಮೈಭಾರವೆಲ್ಲ ಹಿಮ್ಮಡಿಗೂ ಬೆರಳ ಬುಡಕ್ಕೂ ಬಿದ್ದು ಅಲ್ಲಿ ಚರ್ಮ ದಡ್ಡುಗಟ್ಟಿತ್ತು. ಪಾದ ಹೊರಕ್ಕೆ ವಾಲಿ, ಸಮತಟ್ಟಾದ ರಸ್ತೆಯಲ್ಲೂ ಉಳುಕುತ್ತಿತ್ತು. ಬಿಸಿನೀರಲ್ಲಿ ಕಾಲಿಟ್ಟು ಕೂತವನನ್ನು ನೋಡಿ ಅತ್ತೆ, “ಏಣಿ ಮೇಲೆ ಹುಲಿ, ನೆಲದ ಮೇಲೆ ಇಲಿ” ಎಂದು ಛೇಡಿಸುವಳು. ಡಾಕ್ಟರಿಗೆ ತೋರಿಸು ಎಂದು ನನ್ನಮ್ಮ ಹೇಳಿದರೆ ಮಾಮ ನಗುತ್ತಿದ್ದ. ಅನ್ನ ಹಾಕುವ ಕಾಲಿಗೆ ಯಾರಾದರೂ ರೋಗ ಅನ್ನುತ್ತಾರೆಯೇ?

ಅವರ ಒಬ್ಬಳೇ ಮಗಳನ್ನು ನಾವೆಲ್ಲ ಸಾಸಿವೆ ಎಂದೇ ಕರೆಯುತ್ತಿದ್ದೆವು. ಅಷ್ಟೇ ಚಿಕ್ಕವಳು, ಹಾಗೇ ಸಿಡಿಯುವವಳು. ನೂಲಿನಂತೆ ಸೀರೆ ಅನ್ನುತ್ತಾರಲ್ಲ, ಅವಳಿಗೆ ಅಪ್ಪನ ಕಾಲೇ ಬಂದಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂದಮೇಲೆ ಇನ್ನು ಏಣಿಗೆಂದೇ ಹುಟ್ಟಿದ ಕಾಲನ್ನು ಕೇಳಬೇಕೆ? ಮಾಮ ಅದಕ್ಕೊಂದು ಆಟವನ್ನೇ ಕಟ್ಟಿದ. ಪ್ರತಿ ಹುಟ್ಟುಹಬ್ಬದ ದಿನ ಅವಳು ಕಣ್ಣು ಮುಚ್ಚಿ ನಿಲ್ಲಬೇಕು. ಅವನು ಪಾದದ ಕಮಾನಿನ ಕೆಳಗೆ ಗೋಲಿ ಉರುಳಿಸುತ್ತಾನೆ. ಗೋಲಿ ಅಂಗಾಲಿಗೆ ತಾಗಿದರೆ ಅವಳು ಸೋತಳು, ತಾಗದೆ ದಾಟಿದರೆ ಗೆದ್ದಳು. ತಾಗಿತೋ ಇಲ್ಲವೋ ಹೇಳಬೇಕಾದವಳು ಅವಳೇ. ಮೊದಮೊದಲು ಅವಳು ಕಚಗುಳಿಯಿಟ್ಟಂತಾಗಿ ಕಿಲಕಿಲ ನಕ್ಕು ಸೋಲುತ್ತಿದ್ದಳು. ವರ್ಷ ಕಳೆದಂತೆ ಗೆಲ್ಲತೊಡಗಿದಳು. ಗೋಲಿ ದೊಡ್ಡದಾಯಿತು. ಆಗಲೂ ಗೆದ್ದಳು. ಕಮಾನು ಏರುತ್ತಿದೆ ಎಂದು ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹತ್ತು ತುಂಬಿದ ದಿನ ಅವಳನ್ನು ಏಣಿ ಹತ್ತಿಸಿ, ಮನೆಯ ಮುಂದಿನ ಗೋಡೆಯ ಮೇಲಂಚಿಗೆ ಅವಳಿಂದಲೇ ಬಣ್ಣ ಹಚ್ಚಿಸುತ್ತೇನೆಂದು ಮಾಮ ಮಾತು ಕೊಟ್ಟ. ಚಿಕ್ಕದೊಂದು ಬ್ರಷ್ಷನ್ನೂ ತಂದಿಟ್ಟ.

ಅಷ್ಟರಲ್ಲಿ ಅವಳು ಎಡವುವುದು ಹೆಚ್ಚಾಗಿತ್ತು. ಚಪ್ಪಲಿ ಕಾಲಿಂದ ಜಾರಿ ರಸ್ತೆಯಲ್ಲೇ ಉಳಿದರೂ ತಿಳಿಯದೆ ಬರಿಗಾಲಲ್ಲಿ ಮುಂದೆ ಹೋಗಿರುತ್ತಿದ್ದಳು. “ಗಮನ ಎಲ್ಲಿರುತ್ತೆ ನಿಂಗೆ?” ಎಂದು ಅತ್ತೆ ಗದರಿದರೆ ಮಾಮ, “ಪೇಂಟರುಗಳ ಗಮನ ಯಾವಾಗ್ಲೂ ಮೇಲೇ ಕಣೇ” ಎಂದು ಮಗಳ ಪರ ವಹಿಸುತ್ತಿದ್ದ.

ಹತ್ತು ತುಂಬಿತು. ಬೆಳಿಗ್ಗೆಯೇ ಏಣಿ ಗೋಡೆಗೊರಗಿತ್ತು, ಬಣ್ಣ ಕಲಸಿಯಾಗಿತ್ತು. ಮೊದಲು ಆಟ. ಸಾಸಿವೆ ಬಾಗಿಲ ಚೌಕಟ್ಟು ಹಿಡಿದು ಕಣ್ಣು ಮುಚ್ಚಿದಳು. ಮಾಮ ನೆಲದ ಮೇಲೆ ಕೂತು ದೊಡ್ಡ ಗೋಲಿ ಉರುಳಿಸಿದ. ಅದು ಆ ಕಡೆಗೆ ಬರಲಿಲ್ಲ. ಕಮಾನಿನ ನಡುವೆ ಸಿಕ್ಕಿಕೊಂಡು, ಅವಳ ಅಂಗಾಲಿಗೆ ಒತ್ತಿ ನಿಂತಿತ್ತು.

“ದಾಟ್ತು ಅಲ್ವಾ?” ಎಂದಳು ಸಾಸಿವೆ, ಕಣ್ಣು ಮುಚ್ಚಿಕೊಂಡೇ. “ತಾಗಲೇ ಇಲ್ಲ. ನಾನೇ ಗೆದ್ದೆ.”

ಮಾಮ ಬೆರಳಿಂದ ಗೋಲಿಯನ್ನು ಮೇಲಕ್ಕೆ ಒತ್ತಿದ. “ಈಗ?”

“ಈಗೇನು? ಆಟ ಮುಗೀತಲ್ಲಪ್ಪಾ. ಏಣಿ ಹತ್ತೋಣ.”

ನಾನು ಅಲ್ಲೇ ನಿಂತಿದ್ದೆ. ಮಾಮನ ಮುಖದಲ್ಲಿದ್ದ ನಗು ಇಳಿದುಹೋದದ್ದನ್ನು ನೋಡಿದೆ. ಇಷ್ಟು ವರ್ಷ ಅವಳು ಗೆದ್ದದ್ದು ಕಮಾನಿನ ಎತ್ತರದಿಂದಲ್ಲ, ಕಾಲಿಗೆ ಸ್ಪರ್ಶವೇ ತಿಳಿಯದೆ ಹೋದದ್ದರಿಂದ. ನಾವು ಅದಕ್ಕೇ ಚಪ್ಪಾಳೆ ತಟ್ಟಿದ್ದೆವು.

ಡಾಕ್ಟರಮ್ಮ ಅವಳ ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು, ಆಮೇಲೆ ಮಾಮನನ್ನೂ ಚಪ್ಪಲಿ ಬಿಡಿಸಿ ನಿಲ್ಲಿಸಿದರು. “ಹುಟ್ಟಿದಾಗಿಂದ ಒಂದೇ ಥರ ಇರೋ ಎತ್ತರದ ಕಮಾನಿಗೆ ಮೆತ್ತನೆ ಅಟ್ಟೆ, ಸರಿಯಾದ ಶೂ ಇದ್ರೆ ಎಷ್ಟೋ ಸಾಕು. ಹೀಗೆ ವರ್ಷ ವರ್ಷ ಏರ್ತಾ ಹೋದ್ರೆ ನರ ನೋಡಿಸ್ಬೇಕು” ಎಂದರು. ಪರೀಕ್ಷೆಗಳಾದ ಮೇಲೆ ತಿಳಿದದ್ದು, ಇದು ನರಗಳು ಸೊರಗುವ ಕಾಯಿಲೆ, ಅಪ್ಪನಿಂದಲೇ ಬಂದದ್ದು. ಅವನಲ್ಲಿ ಮೆಲ್ಲಗಿತ್ತು, ಅವಳಲ್ಲಿ ಜೋರಾಗಿತ್ತು. ವಾಸಿಯಾಗುವುದಿಲ್ಲ, ಆದರೆ ನಡಿಗೆ ಉಳಿಸಿಕೊಳ್ಳಬಹುದು.

ಆಮೇಲೆ ಮಾಮ ಉಳಿಸಿಕೊಳ್ಳುವ ಕೆಲಸಕ್ಕೇ ನಿಂತ. ಕಮಾನಿನ ಖಾಲಿ ಜಾಗ ತುಂಬುವ ಹಾಗೆ ಅವಳ ಪಾದದ ಅಚ್ಚು ತೆಗೆಸಿ ಅಟ್ಟೆ ಮಾಡಿಸಿದ. ಲೇಸ್ ಕಟ್ಟುವ ಅಗಲ ಮೂತಿಯ ಶೂ, ಕಾಲು ಹೊರಳದಂತೆ ಬಿಗಿಯುವ ಪಟ್ಟಿ ಬಂದವು. ದಿನಾ ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವ ವ್ಯಾಯಾಮ. ಗೊತ್ತಿಲ್ಲದೆ ಗಾಯವಾಗಿದೆಯೇ ಎಂದು ಅಂಗಾಲು ತಿರುಗಿಸಿ ನೋಡುವುದು. ಏಣಿ ಬಾಗಿಲ ಹಿಂದೆ ಸೇರಿತು. ಮನೆಯ ಮುಂದಿನ ಗೋಡೆಗೆ ಇವತ್ತಿಗೂ ಅರ್ಧವೇ ಬಣ್ಣ, ಮೇಲಂಚು ಹಾಗೇ ಇದೆ. ಅವಳು ಅದರ ಮಾತೆತ್ತುವುದಿಲ್ಲ. ಸಿಡಿಯುವುದನ್ನೂ ಬಿಟ್ಟಿದ್ದಾಳೆ.

ಮೊನ್ನೆ ಬೆಳಿಗ್ಗೆ ಹೋಗಿದ್ದೆ. ಸಾಸಿವೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಮಾಮ ಅವಳ ಮುಂದೆ ನೆಲದ ಮೇಲಿದ್ದ. ಡಾಕ್ಟರಮ್ಮ ಹೇಳಿದ್ದಾರೋ ಇಲ್ಲವೋ, ಅವನು ದಿನಾ ಅವಳ ಅಂಗಾಲು ಮುಟ್ಟಿ ಕೇಳುತ್ತಾನಂತೆ.

“ತಾಗ್ತಾ, ಮಗಳೇ?”

“ಹ್ಞೂಂ ಅಪ್ಪ. ಇವತ್ತು ಚೆನ್ನಾಗಿ ತಾಗ್ತು.”

ಅವನ ಕೈ ಇನ್ನೂ ಅವನ ಮಡಿಲಲ್ಲೇ ಇತ್ತು. ಮಾಮ ನನ್ನ ಕಡೆ ನೋಡಲಿಲ್ಲ. “ಒಳ್ಳೇದಾಯ್ತು ಕಣಮ್ಮ” ಎಂದು ಅವಳ ಶೂ ಹತ್ತಿರಕ್ಕೆಳೆದುಕೊಂಡು ಲೇಸ್ ಬಿಚ್ಚತೊಡಗಿದ.